ಚಳಿಗಾಲದ ಪದಕ

ಲ್ಯೂಡೆನ್‌ಶೈಡ್ ಊರಿನಲ್ಲಿ ಹಳೆಯ ಪದಕದ ಸಾಚಾತನ ತಿಳಿಯಬೇಕಾದವರು ಚಾಕು–ಕತ್ತರಿ ಅಂಗಡಿಯ ಪಕ್ಕದ ಬಾಗಿಲಿನಿಂದ ಮೂರು ಮಹಡಿ ಹತ್ತಬೇಕಾಗಿತ್ತು. ಮೇಲೆ, ಉತ್ತರದ ಬೆಳಕು ಬೀಳುವ ಕೋಣೆಯಲ್ಲಿ, ರೋಸ್ವಿತಾ ಫೀಲ್‌ಹಾಬರ್ ಕೂತಿರುತ್ತಿದ್ದಳು. ವಯಸ್ಸು ಐವತ್ತೆಂಟು. ಹದಿನೈದನೇ ವಯಸ್ಸಿಗೇ ಪದಕ, ಗುಂಡಿ ಒತ್ತುವ ಬ್ರಾಂಡ್‌ಹೋವೆ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚು ಕೊರೆಯುವ ಕೆಲಸ ಕಲಿಯಲು ಸೇರಿದವಳು. ಕಾರ್ಖಾನೆ ಬಾಗಿಲು ಹಾಕಿದಾಗ ಅವಳ ಕೈಗೆ ಬಂದದ್ದು ಒಂದು ಭೂತಗನ್ನಡಿ, ಒಂದು ಸಣ್ಣ ತಕ್ಕಡಿ ಮತ್ತು ನಾಲ್ಕು ಮರದ ಕಪಾಟುಗಳ ತುಂಬ ಮಾದರಿ ಪದಕಗಳು. ಅಂದಿನಿಂದ ಅದೇ ಅವಳ ಜೀವನೋಪಾಯ.

ಬರುವವರಲ್ಲಿ ಎಲ್ಲ ತರಹದವರೂ ಇದ್ದರು. ಸಂಗ್ರಹದ ಹುಚ್ಚಿನವರು, ಅಜ್ಜನ ಕಪಾಟು ಖಾಲಿ ಮಾಡುವವರು, ಹೆಮ್ಮೆಯಿಂದ ಎದೆಯುಬ್ಬಿಸಿ ಬರುವವರು, ನಾಚಿಕೆಯಿಂದ ಕಾಗದದಲ್ಲಿ ಸುತ್ತಿಕೊಂಡು ಬರುವವರು. ರೋಸ್ವಿತಾ ಯಾರ ಹೆಮ್ಮೆಗೂ ತಲೆದೂಗುತ್ತಿರಲಿಲ್ಲ, ಯಾರ ನಾಚಿಕೆಯನ್ನೂ ಕೆದಕುತ್ತಿರಲಿಲ್ಲ. ಪದಕವನ್ನು ಬೆನ್ನು ಮೇಲಾಗಿಸಿ ಇಟ್ಟುಕೊಂಡು, ಎದುರು ಬದಿಯ ನಾಜಿ ಸ್ವಸ್ತಿಕದ ಆ ಕೆಟ್ಟ ಗುರುತಿನ ಮೇಲೆ ಬಿಳಿ ಚೀಟಿ ಅಂಟಿಸಿ, ಲೋಹ ಯಾವುದು, ವರ್ಷ ಯಾವುದು, ಯಾರು ಮಾಡಿದ್ದು ಎಂದಷ್ಟೇ ಹೇಳಿ ಕಳಿಸುತ್ತಿದ್ದಳು.

೧೯೯೬ರ ಅಕ್ಟೋಬರಿನ ಒಂದು ಮಂಗಳವಾರ ಬೆಳಿಗ್ಗೆ ಮೆಕ್‌ಟಿಲ್ಡ್ ಓಸ್ಟರ್‌ಕಾಂಪ್ ಎಂಬ ಎಪ್ಪತ್ತೆಂಟರ ಮುದುಕಿ ಆ ಮೆಟ್ಟಿಲು ಹತ್ತಿ ಬಂದಳು. ಹೆಸರು ಹೇಳಿ, ಕುರ್ಚಿ ಸಿಕ್ಕಿದ್ದೇ ಕುಸಿದು ಕೂತು, ಉಸಿರು ಹತೋಟಿಗೆ ಬರುವವರೆಗೆ ಕೈಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡಿದ್ದಳು.

“ಇಷ್ಟು ಮೆಟ್ಟಿಲಿದೆ ಅಂತ ಕೆಳಗಡೆ ಬೋರ್ಡಲ್ಲಿ ಬರೆಸಬಾರ್ದಾ?” ಎಂದಳು.

“ಬರೆಸಿದ್ರೆ ಯಾರೂ ಬರೋದೇ ಇಲ್ಲ, ಫ್ರಾವ್ ಓಸ್ಟರ್‌ಕಾಂಪ್. ನೀರು ಕುಡೀತೀರಾ?”

“ನೀರು ಆಮೇಲೆ. ಮೊದಲು ಇದನ್ನ ನೋಡಿ. ಅಸಲಿಯೋ ನಕಲಿಯೋ ಅಂತ ಒಂದೇ ಮಾತಲ್ಲಿ ಹೇಳಿ. ನಂಗೆ ಇದನ್ನ ಮಾರ್ಬೇಕಾಗಿಲ್ಲ.”

ಕೈಚೀಲದಿಂದ ಗುಂಡಿಗಳ ಡಬ್ಬಿ ಬಂತು, ಡಬ್ಬಿಯೊಳಗಿನಿಂದ ಕರವಸ್ತ್ರ, ಕರವಸ್ತ್ರದೊಳಗಿನಿಂದ ಪದಕ. ದುಂಡಗಿನ ಕಪ್ಪು ಬಿಲ್ಲೆ, ಮೇಲ್ಗಡೆ ಪುಟ್ಟ ಶಿರಸ್ತ್ರಾಣ, ಕೆಂಪು ರಿಬ್ಬನ್ನಿನ ನಡುವೆ ಬಿಳಿ–ಕಪ್ಪು–ಬಿಳಿ ಗೆರೆ. ರೋಸ್ವಿತಾಳಿಗೆ ಗುರುತು ಹಿಡಿಯಲು ಕನ್ನಡಕವೂ ಬೇಕಿರಲಿಲ್ಲ. ನಲವತ್ತೊಂದು–ನಲವತ್ತೆರಡರ ಚಳಿಗಾಲದಲ್ಲಿ ರಷ್ಯದ ರಂಗದಲ್ಲಿದ್ದವರಿಗೆ ಹಂಚಿದ ಪದಕ ಅದು. ಹಂಚಿದ್ದು ಒಂದೆರಡಲ್ಲ, ಲಕ್ಷಗಟ್ಟಲೆ. ಪಡೆದ ಸೈನಿಕರೇ ಅದನ್ನು ‘ಹೆಪ್ಪುಗಟ್ಟಿದ ಮಾಂಸದ ಪದಕ’ ಎಂದು ಹಂಗಿಸುತ್ತಿದ್ದರು. ಭಾನುವಾರದ ಸಂತೆಯಲ್ಲಿ ಒಂದು ಊಟದ ಬೆಲೆಗೆ ಸಿಗುವಂಥದ್ದು. ಅಂಥದ್ದಕ್ಕೆ ನಕಲಿ ಮಾಡುವ ಕಷ್ಟ ಯಾರು ತಗೊಂಡಾರು?

“ಇದು ನಕಲಿ ಅಂತ ಯಾರು ಹೇಳಿದ್ದು?”

“ಸಂತೆಯಲ್ಲಿ ಒಬ್ಬ. ನಾನು ಮನೆ ಖಾಲಿ ಮಾಡಿ ಒಂದು ಕೋಣೆಗೆ ಹೋಗ್ತಿದೀನಿ, ಸಾಮಾನೆಲ್ಲ ಮೇಜಿನ ಮೇಲೆ ಹರವಿಕೊಂಡು ಕೂತಿದ್ದೆ. ಗುಂಡಿ ಡಬ್ಬಿ ಜೊತೆ ಇದೂ ಗೊತ್ತಿಲ್ದೆ ಬಂದುಬಿಟ್ಟಿದೆ. ಆ ಮನುಷ್ಯ ಎತ್ಕೊಂಡ, ಅದೇನೋ ನೇರಳೆ ದೀಪ ಹಿಡಿದ, ‘ಅಜ್ಜೀ, ಇದು ಯುದ್ಧ ಮುಗಿದ ಮೇಲಿನ ಮಾಲು, ನಿಮಗ್ಯಾರೋ ಚೆನ್ನಾಗಿ ಟೋಪಿ ಹಾಕಿದಾರೆ’ ಅಂತ ನಕ್ಕ.” ಮುದುಕಿ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. “ಅವತ್ತಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ ನಂಗೆ.”

ರೋಸ್ವಿತಾ ಎದ್ದು ಹೋಗಿ ನೀರು ತಂದಳು. ಮುದುಕಿ ಎರಡು ಗುಟುಕು ಕುಡಿದು, ಕೇಳದೆಯೇ ಎಲ್ಲವನ್ನೂ ಹೇಳಿದಳು.

ಅವಳ ಮೊದಲ ಗಂಡ ಎಂಗೆಲ್ಬರ್ಟ್ ರ‍್ಯೂಶಾಫ್, ಅಂಚೆ ಕಚೇರಿಯ ಗುಮಾಸ್ತ. ಮದುವೆಯಾದ ವರ್ಷವೇ ಸೈನ್ಯಕ್ಕೆ ಕರೆ ಬಂತು. ನಲವತ್ತಮೂರರಲ್ಲಿ ರಜೆಯ ಮೇಲೆ ಬಂದವನು ಹತ್ತು ದಿನ ಇದ್ದು ಹೋದ. ಮರುವರ್ಷ ಬೇಸಿಗೆಯಲ್ಲಿ ರಷ್ಯದಲ್ಲಿ ನಾಪತ್ತೆ ಎಂದು ಕಾಗದ ಬಂತು. ಆಮೇಲೆ ಏನೂ ಇಲ್ಲ. ಯುದ್ಧ ಮುಗಿಯಿತು, ಸೆರೆಯಾಳುಗಳ ರೈಲು ಬಂದಾಗಲೆಲ್ಲ ಅವಳು ನಿಲ್ದಾಣಕ್ಕೆ ಹೋಗಿ, ಎಂಗೆಲ್ಬರ್ಟನ ಫೋಟೋವನ್ನು ಇಳಿದವರ ಮುಖಕ್ಕೆ ಹಿಡಿಯುತ್ತಿದ್ದಳು. ಹಾಗೆ ಸುಮಾರು ಐದು ವರ್ಷ. ಐವತ್ತರ ಫೆಬ್ರವರಿಯಲ್ಲಿ, ಕ್ರೈಸ್ತರ ಉಪವಾಸದ ವಾರಗಳು ಶುರುವಾಗುವ ಮುಂಚೆ, ಒಬ್ಬ ಬಡಕಲು ಹುಡುಗ ಬಾಗಿಲು ತಟ್ಟಿದ. ಇಪ್ಪತ್ತೈದು ವರ್ಷವಿರಬಹುದು. ಎಡಗೈಯಲ್ಲಿ ಎರಡು ಬೆರಳು ಇಲ್ಲ. ಹೆಸರು ಲೊರೆನ್ಸ್ ಕುಚ್ಕಾ ಎಂದ. ಎಂಗೆಲ್ಬರ್ಟ್ ನಲವತ್ತೇಳರ ಜನವರಿಯಲ್ಲಿ ಸೆರೆಯಾಳುಗಳ ಶಿಬಿರದಲ್ಲಿ ಜ್ವರದಿಂದ ಸತ್ತ, ಸಾಯುವಾಗ ತಾನು ಹತ್ತಿರವಿದ್ದೆ, ಇದನ್ನು ನಿಮಗೆ ಮುಟ್ಟಿಸಲು ಹೇಳಿದ ಎಂದು ತಿಳಿಸಿ ಈ ಪದಕವನ್ನು ಮೇಜಿನ ಮೇಲಿಟ್ಟ. ಒಂದು ಬಟ್ಟಲು ಸೂಪು ಕುಡಿದು ಎದ್ದು ಹೋದವನು ಮತ್ತೆ ಬರಲಿಲ್ಲ.

“ಹೋಗೋ ಮುಂಚೆ ಅವನು ಬರೆದುಕೊಟ್ಟ ಹೇಳಿಕೆ ಮೇಲೆ ನ್ಯಾಯಾಲಯ ಎಂಗೆಲ್ಬರ್ಟ್ ಸತ್ತ ಅಂತ ಬರೆದುಕೊಡ್ತು,” ಎಂದಳು ಮೆಕ್‌ಟಿಲ್ಡ್. “ಮೂರು ವರ್ಷ ಆದ ಮೇಲೆ ನಾನು ಗಿಸ್ಬರ್ಟ್‌ನ ಮದುವೆಯಾದೆ. ಒಳ್ಳೇ ಮನುಷ್ಯ. ಎರಡು ಮಕ್ಕಳು. ನಾಲ್ಕು ವರ್ಷದ ಹಿಂದೆ ತೀರಿಹೋದ. ಆ ಕಾಲದಲ್ಲಿ ಏನಿತ್ತು ನಿಮಗೆ ಗೊತ್ತಲ್ಲ? ಸುಳ್ಳು ಸುದ್ದಿ ಹೊತ್ಕೊಂಡು ಮನೆಮನೆಗೆ ಹೋಗಿ, ‘ನಾನು ನಿಮ್ಮ ಗಂಡನ ಜೊತೆಗಾರ’ ಅಂತ ಹೊಟ್ಟೆ ತುಂಬಿಸ್ಕೊಳ್ಳೋ ಜನ ಇದ್ರು. ನಮ್ಮ ಓಣೀಲೇ ಇಬ್ಬರಿಗೆ ಹಾಗಾಗಿತ್ತು. ಇವನ ಕೈಯಲ್ಲಿ ಪದಕ ಇತ್ತು, ಅದಕ್ಕೆ ನಂಬಿದೆ. ಈಗ ಪದಕವೇ ಸುಳ್ಳು ಅಂದ್ರೆ? ನನ್ನ ಎಂಗೆಲ್ಬರ್ಟ್ ಬದುಕಿದ್ದಿದ್ರೆ? ಎಲ್ಲೋ ಇದ್ದು, ನಾನು ಇನ್ನೊಬ್ಬನ ಹೆಂಡತಿ ಅಂತ ಕೇಳಿ, ಬಾರದೇ ಉಳಿದುಬಿಟ್ಟಿದ್ರೆ?”

ಪದಕ ನೋಡಿ ಹೇಳುವುದು ರೋಸ್ವಿತಾಳಿಗೆ ದಿನನಿತ್ಯದ ಕೆಲಸ. ಆದರೆ ಅವತ್ತು ಭೂತಗನ್ನಡಿಯನ್ನು ಎರಡೆರಡು ಸಲ ಒರೆಸಿ ಎತ್ತಿಕೊಂಡಳು.

ಮೊದಲು ರಿಬ್ಬನ್ನು. ಕಿಟಕಿಯ ಪರದೆ ಎಳೆದು ನೇರಳೆ ದೀಪ ಹಚ್ಚಿದಳು. ಯುದ್ಧದ ನಂತರದ ನೂಲಾದರೆ ಈ ದೀಪಕ್ಕೆ ಹೊಳೆಯುತ್ತದೆ ಎಂಬುದು ಲೆಕ್ಕ. ರಿಬ್ಬನ್ನು ಹಾಲಿನಂತೆ ಬೆಳಗಿತು. ಮುದುಕಿ “ಅಯ್ಯೋ” ಎಂದಳು.

“ತಾಳಿ, ಗಾಬರಿಯಾಗ್ಬೇಡಿ. ಇದನ್ನ ಯಾವತ್ತಾದ್ರೂ ಒಗೆದಿದ್ರಾ?”

“ಹೂಂ, ಒಂದ್ಸಲ. ಕೊಳೆಯಾಗಿತ್ತಲ್ಲ, ಸೋಪಿನ ಪುಡಿ ನೀರಲ್ಲಿ ಅದ್ದಿದ್ದೆ.”

“ಅದೇ ಮತ್ತೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೋಪಿನ ಪುಡಿಯಲ್ಲಿ ಹಾಕ್ತಾರಲ್ಲ, ಅದು ಈ ದೀಪಕ್ಕೆ ಹೊಳೆಯುತ್ತೆ. ಇಲ್ನೋಡಿ.” ರೋಸ್ವಿತಾ ತನ್ನ ಅಂಗಿಯ ತೋಳನ್ನು ದೀಪದ ಕೆಳಗೆ ಹಿಡಿದಳು. ಅದೂ ಝಗಝಗ ಎಂದಿತು. ಮುದುಕಿಯ ಕರವಸ್ತ್ರವೂ ಬೆಳಗಿತು. “ಆ ಮನುಷ್ಯನ ಲೆಕ್ಕದಲ್ಲಿ ನಾನೂ ನಕಲಿ, ನೀವೂ ನಕಲಿ. ದೀಪ ಕೊಂಡ್ಕೊಂಡೋರೆಲ್ಲ ಪಂಡಿತರಾಗಲ್ಲ.”

ಮುದುಕಿ ಮೂರು ದಿನಗಳಲ್ಲಿ ಮೊದಲ ಬಾರಿ ತುಟಿಯಲ್ಲಿ ನಕ್ಕಳು.

ರಿಬ್ಬನ್ನನ್ನು ಬಿಲ್ಲೆಯ ಕೊಂಡಿಯಿಂದ ಕಳಚಿ, ಮಡಿಕೆ ಬಿಡಿಸಿ ನೋಡಿದಾಗ ಅದರ ನೇಯ್ಗೆ ಯುದ್ಧಕಾಲದ್ದೇ ಎಂದು ಸ್ಪಷ್ಟವಾಯಿತು. ಈ ಬಗೆಯ ಒರಟು ನೂಲು ಆಮೇಲೆ ಯಾರೂ ಬಳಸಿರಲಿಲ್ಲ. ಇನ್ನೂ ಒಂದು ಸಂಗತಿ ಕಂಡಿತು. ಒಳಗೆ ಮಡಚಿಹೋಗಿದ್ದ ಅಂಚಿನಲ್ಲಿ ಸೂಜಿಯ ತೂತುಗಳ ಸಾಲಿತ್ತು, ಎರಡು ತೂತುಗಳಲ್ಲಿ ದಾರದ ತುಣುಕು ಉಳಿದಿತ್ತು. ನೀಲಿ ದಾರ. ಈ ಪದಕವನ್ನು ದಿನವೂ ಯಾರೂ ಧರಿಸುತ್ತಿರಲಿಲ್ಲ, ರಿಬ್ಬನ್ನನ್ನು ಮಾತ್ರ ಅಂಗಿಯ ಗುಂಡಿತೂತಿಗೆ ಹೊಲಿದುಕೊಳ್ಳುತ್ತಿದ್ದರು. ಆದರೆ ಸೈನ್ಯದಲ್ಲಿ ನೀಲಿ ರೇಷ್ಮೆ ದಾರ ಎಲ್ಲಿಂದ ಬರಬೇಕು?

“ಫ್ರಾವ್ ಓಸ್ಟರ್‌ಕಾಂಪ್, ಸ್ವಲ್ಪ ಇಲ್ಲಿ ಕಣ್ಣಿಡ್ತೀರಾ? ಈ ದಾರ…”

ಮುದುಕಿ ಭೂತಗನ್ನಡಿಯ ಮೇಲೆ ಬಾಗಿದಳು. ಬೆರಳ ತುದಿಯಿಂದ ದಾರವನ್ನು ಮುಟ್ಟಿ ನೋಡಿದಳು.

“ನಂದು,” ಎಂದಳು ಕೊನೆಗೆ. “ರಜಕ್ಕೆ ಬಂದಾಗ ಅವನ ಅಂಗಿಗೆ ನಾನೇ ಹೊಲಿದಿದ್ದು. ಕಪ್ಪು ದಾರ ಎಲ್ಲೂ ಸಿಗ್ತಿರ್ಲಿಲ್ಲ, ನನ್ನ ನಿಶ್ಚಿತಾರ್ಥದ ಉಡುಪಿನ ಅಂಚಿಂದ ಬಿಚ್ಚಿದ್ದೆ. ‘ಸಾರ್ಜೆಂಟ್ ನೋಡಿದ್ರೆ ಬೈತಾನೆ ಕಣೇ’ ಅಂದಿದ್ದ.” ಆಕೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. “ದೇವ್ರೇ, ನಂದೇ ಹೊಲಿಗೆ.”

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ರೋಸ್ವಿತಾ ಅರ್ಧ ನೋಡಿ ಕಳಿಸುವವಳಲ್ಲ. ಪದಕವನ್ನು ತಕ್ಕಡಿಗೆ ಹಾಕಿದಳು, ತೂಕ ಹೆಚ್ಚಿತ್ತು. ಯುದ್ಧಕಾಲದ ಈ ಪದಕಗಳು ಸತುವಿನವು, ಮೇಜಿಗೆ ತಟ್ಟಿದರೆ ಮೊದ್ದಾಗಿ ‘ಟಕ್’ ಎನ್ನುತ್ತಿದ್ದವು. ಇದು ಸಣ್ಣಗೆ ಗುಂಯ್‌ಗುಟ್ಟಿತು. ಶಿರಸ್ತ್ರಾಣದ ಅಂಚಿನಲ್ಲಿ ಲೇಪ ಸವೆದ ಕಡೆ ಹಳದಿ ಇಣುಕುತ್ತಿತ್ತು: ಹಿತ್ತಾಳೆ. ಬೆನ್ನ ಮೇಲಿನ ಬರಹದ ನಡುವೆ ಕೂದಲಿನಷ್ಟು ಉಬ್ಬುಗೆರೆಯೊಂದು ಅಂಚಿನಿಂದ ಹೊರಟು ಅಲ್ಲಿ ಕೆತ್ತಿದ್ದ ಕತ್ತಿಯ ಹಿಡಿಯನ್ನೂ ದಾಟಿತ್ತು. ಅಚ್ಚು ಬಿರುಕು ಬಿಟ್ಟರೆ ಆ ಬಿರುಕು ಪ್ರತಿ ಪದಕದ ಮೇಲೂ ಉಬ್ಬುಗೆರೆಯಾಗಿ ಮೂಡುತ್ತದೆ, ಒತ್ತಿದಷ್ಟೂ ಬೆಳೆಯುತ್ತದೆ. ರೋಸ್ವಿತಾ ಕಪಾಟಿನಿಂದ ಬ್ರಾಂಡ್‌ಹೋವೆಯ ಆರು ಮಾದರಿಗಳನ್ನು ತೆಗೆದು ಸಾಲಾಗಿ ಇಟ್ಟಳು. ನಲವತ್ತೆರಡರದ್ದರಲ್ಲಿ ಗೆರೆಯೇ ಇಲ್ಲ. ಕಟ್ಟಕಡೆಯ ತಂಡದ್ದರಲ್ಲೂ ಗೆರೆ ಕತ್ತಿಯ ಹಿಡಿಯವರೆಗೆ ಮಾತ್ರ. ಜೊತೆಗೆ ಇದರ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ತುಕ್ಕು ತಿಂದ ಅಚ್ಚಿನಿಂದ ಬಂದವು. ಅಂದರೆ ಅಚ್ಚು ಕೆಲವು ವರ್ಷ ಎಲ್ಲೋ ತೇವದಲ್ಲಿ ಬಿದ್ದಿತ್ತು, ಆಮೇಲೆ ಒತ್ತಿದ್ದು.

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

“ರಿಬ್ಬನ್ನು ನಿಮ್ಮ ಎಂಗೆಲ್ಬರ್ಟ್‌ದೇ. ಅದರಲ್ಲಿ ಎರಡು ಮಾತಿಲ್ಲ. ಬಿಲ್ಲೆ ಮಾತ್ರ ಯುದ್ಧ ಮುಗಿದ ಮೇಲೆ ಇದೇ ಊರಲ್ಲಿ, ಬ್ರಾಂಡ್‌ಹೋವೆ ಅಚ್ಚಲ್ಲಿ ಒತ್ತಿದ್ದು. ಯಾಕೆ ಅಂತ ನಂಗೂ ಗೊತ್ತಿಲ್ಲ. ಆದ್ರೆ ಯಾರನ್ನ ಕೇಳ್ಬೇಕು ಅಂತ ಗೊತ್ತು. ನಾಳೆ ಸಂಜೆವರೆಗೆ ಟೈಮ್ ಕೊಡಿ, ಪದಕ ನನ್ನ ಹತ್ರ ಇರ್ಲಿ.”

ಬ್ರಾಂಡ್‌ಹೋವೆಯ ಅಚ್ಚುಗಳೆಲ್ಲ ಒಬ್ಬನ ಕೈಕೆಳಗಿದ್ದವು: ಅಲೋಯ್ಸ್ ಡಿಕೆಹಾಗೆ, ಅಚ್ಚು ವಿಭಾಗದ ಮೇಸ್ತ್ರಿ. ರೋಸ್ವಿತಾಳ ಗುರು. ಈಗ ಎಂಬತ್ತನಾಲ್ಕು ವರ್ಷದವನು, ಊರಾಚೆಯ ಪುಟ್ಟ ತೋಟದ ತುಂಡಿನಲ್ಲಿ ಎಲೆಕೋಸು ಬೆಳೆದುಕೊಂಡಿದ್ದ. ಅಲ್ಲಿಗೆ ನಡೆದು ಹೋಗುವಾಗ ರೋಸ್ವಿತಾಳ ಮನಸ್ಸು ಕಹಿಯಾಗಿತ್ತು. ಯುದ್ಧದ ನಂತರ ಅಚ್ಚುಗಳನ್ನು ಕದ್ದುಮುಚ್ಚಿ ಬಳಸಿ ಹೊಟ್ಟೆ ಹೊರೆದವರ ಕಥೆಗಳು ಅವಳಿಗೆ ಗೊತ್ತಿದ್ದವು. ತನ್ನ ಮೇಸ್ತ್ರಿಯೂ ಅವರಲ್ಲೊಬ್ಬನೆ?

“ಬಾ ಬಾ ಹುಡುಗಿ,” ಎಂದ ಅಲೋಯ್ಸ್ ಕೋಸಿನ ಸಾಲಿನಿಂದ ತಲೆಯೆತ್ತಿ. ಅವಳಿಗೆ ಐವತ್ತೆಂಟಾದರೂ ಅವನ ಬಾಯಲ್ಲಿ ಅವಳಿನ್ನೂ ಹುಡುಗಿಯೇ. “ಮುಖ ಯಾಕೆ ಹಿಂಗೆ ಗಂಟು ಹಾಕ್ಕೊಂಡಿದೀಯ? ಯಾರಾದ್ರೂ ನಿನ್ನ ಭೂತಗನ್ನಡಿ ಕದ್ರಾ?”

ಅವಳು ಪದಕವನ್ನು ಅವನ ಮಣ್ಣುಗೈಯಲ್ಲಿ ಇಟ್ಟಳು. ಮುದುಕ ಕಣ್ಣು ಕಿರಿದಾಗಿಸಿ, ಹೆಬ್ಬೆರಳಿನಿಂದ ಬೆನ್ನು ಸವರಿದ. ಗೆರೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

“ಎಲ್ಲಿ ಸಿಗ್ತು ಇದು?”

“ನೀವು ಮಾಡಿದ್ದಾ, ಮೇಸ್ತ್ರೀ?”

“ಮೊದಲು ಹೇಳು, ಇದರ ಯಜಮಾನತಿ ಬದುಕಿದಾಳಾ?”

“ಬದುಕಿದಾರೆ. ಆದ್ರೆ ನಿದ್ದೆ ಮಾಡ್ತಿಲ್ಲ.”

ಅಲೋಯ್ಸ್ ತಲೆಕೆಳಗಾದ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತ. “ಒಂದೇ ಒಂದು,” ಎಂದ. “ನನ್ನ ಜೀವಮಾನದಲ್ಲಿ ಒಂದೇ ಒಂದು ಹೀಗೆ ಮಾಡಿದ್ದು. ಹಳೇ ಅಚ್ಚೆಲ್ಲ ಗುಜರಿಗೆ ಕೊಡ್ಬೇಕು ಅಂತ ಆಗ ನಮ್ಮ ಊರನ್ನ ಆಳ್ತಿದ್ದ ಬ್ರಿಟಿಷರ ಆಜ್ಞೆ ಇತ್ತು. ಕೊಟ್ವಿ. ಆದ್ರೆ ಕಲ್ಲಿದ್ದಲ ಕೋಣೆ ತೊಳೆಯುವಾಗ ಒಂದು ಜೋಡಿ ಅಲ್ಲೇ ಬಿದ್ದಿದ್ದು ಸಿಕ್ತು. ಅಷ್ಟೊತ್ತಿಗೆ ನಾವು ಅಂಗಿ ಗುಂಡಿ, ದೀಪದ ಬುಡ ಮಾಡ್ಕೊಂಡಿದ್ವಿ. ಒಂದಿನ ಮಧ್ಯಾಹ್ನ, ಎಲ್ರೂ ಊಟಕ್ಕೆ ಹೋಗಿದ್ರು, ಗೇಟಿನ ಹತ್ರ ಒಬ್ಬ ಹುಡುಗ ನಿಂತಿದ್ದ. ಮೂಳೆ ಚಕ್ಕಳ. ಎಡಗೈಯಲ್ಲಿ ಎರಡು ಬೆರಳಿಲ್ಲ.”

“ಕುಚ್ಕಾ,” ಎಂದಳು ರೋಸ್ವಿತಾ.

“ಲೊರೆನ್ಸ್ ಕುಚ್ಕಾ. ಕಿಸೆಯಿಂದ ಒಂದು ರಿಬ್ಬನ್ ತೆಗೆದ. ‘ಇದಕ್ಕೆ ಒಂದು ಬಿಲ್ಲೆ ಬೇಕು’ ಅಂದ. ನಾನು ಬೈದು ಅಟ್ಟೋಕೆ ಹೋದೆ. ಆಗ ಅತ್ತುಬಿಟ್ಟ. ಸ್ನೇಹಿತ ಸಾಯುವಾಗ ‘ನನ್ನ ಹೆಂಡತಿಗೆ ಕೊಡು’ ಅಂತ ಪದಕ ಕೊಟ್ಟಿದ್ನಂತೆ, ಇವನು ಹಸಿವು ತಡೀಲಾರದೆ ಅದನ್ನ ರೊಟ್ಟಿಗೆ ಕೊಟ್ಟುಬಿಟ್ಟಿದ್ನಂತೆ. ‘ಬರೀ ಕೈಯಲ್ಲಿ ಹೋಗಿ ಆಕೆ ಮುಂದೆ ಹೆಂಗೆ ನಿಲ್ಲಲಿ? ಈಗೆಲ್ಲ ಸುಳ್ಳು ಹೇಳ್ಕೊಂಡು ಬರೋರೇ ಜಾಸ್ತಿ, ನನ್ನ ಯಾಕೆ ನಂಬ್ತಾಳೆ?’ ಅಂದ. ನಂಗೆ ನಮ್ಮಮ್ಮ ನೆನಪಾದ್ಲು.”

“ನಿಮ್ಮ ತಮ್ಮನೂ ಯುದ್ಧಕ್ಕೆ ಹೋಗಿದ್ರಲ್ಲ?”

“ಹೂಂ. ಅವನೂ ಅಲ್ಲೇ ಎಲ್ಲೋ ಹೋದ. ನಮ್ಮಮ್ಮ ಸಾಯೋವರೆಗೂ ಬಾಗಿಲ ಸದ್ದಾದ್ರೆ ಎದ್ದು ನಿಲ್ತಿದ್ಲು. ಯಾರೂ ಬರ್ಲಿಲ್ಲ, ಸುಳ್ಳು ಹೇಳೋಕೂ ಬರ್ಲಿಲ್ಲ. ಈ ಹುಡುಗ ನಿಜ ಹೊತ್ಕೊಂಡು ಬಂದು ಗೇಟಲ್ಲಿ ನಿಂತಿದಾನೆ, ಒಂದು ತುಂಡು ಲೋಹಕ್ಕೋಸ್ಕರ ಅದು ಆ ಹೆಂಗಸಿಗೆ ಮುಟ್ದೇ ಹೋಗ್ಬೇಕಾ ಅನ್ನಿಸ್ತು. ಗುಂಡಿಯ ಹಿತ್ತಾಳೆ ಇತ್ತು, ಪ್ರೆಸ್ಸು ಬಿಸಿಯಾಗೇ ಇತ್ತು. ಒತ್ತಿದೆ, ನಿಕ್ಕಲ್ ಲೇಪ ಕೊಟ್ಟೆ, ಕಪ್ಪು ಹಚ್ಚಿದೆ. ಅವತ್ತು ಸಂಜೆನೇ ಅಚ್ಚನ್ನ ಸುತ್ತಿಗೆಯಲ್ಲಿ ಒಡೆದು ಕುಲುಮೆಗೆ ಹಾಕಿದೆ. ಗೊತ್ತಾಗಿದ್ರೆ ನನ್ನ ಕೆಲಸ ಹೋಗ್ತಿತ್ತು.” ಅವನು ತಲೆಯೆತ್ತಿದ. “ನಕಲಿ ಅಂತ ಬರೆದುಬಿಟ್ಯಾ, ಹುಡುಗಿ?”

ರೋಸ್ವಿತಾ ಇಲ್ಲವೆಂದು ತಲೆಯಾಡಿಸಿದಳು. ದಾರಿಯುದ್ದಕ್ಕೂ ಅವನ ಬಗ್ಗೆ ಏನೇನು ಅಂದುಕೊಂಡಿದ್ದಳೋ ಅದೆಲ್ಲ ನೆನಪಾಗಿ ನಾಚಿಕೆಯಾಯಿತು. ಇನ್ನೊಂದೂ ನೆನಪಾಯಿತು. ಐವತ್ತಮೂರರಲ್ಲಿ ಊರಿನ ಎಲ್ಲ ಕಾರ್ಖಾನೆಗಳೂ ‘ಹೆಣ್ಣುಮಕ್ಕಳಿಗೆ ಅಚ್ಚಿನ ಕೆಲಸವಿಲ್ಲ, ಗುಂಡಿ ಪೋಣಿಸಬೇಕಾದರೆ ಬಾ’ ಎಂದು ಅವಳನ್ನು ಹಿಂದಕ್ಕೆ ಕಳಿಸಿದಾಗ, ಈ ಮನುಷ್ಯ ಅವಳ ಕೈಗೆ ಉಳಿ ಕೊಟ್ಟು, ಒಂದು ಓಕ್ ಎಲೆ ಕೊರೆ ನೋಡೋಣ ಎಂದಿದ್ದ. ಎಲೆ ಸೊಟ್ಟಗಿತ್ತು. ಆದರೂ ಸೇರಿಸಿಕೊಂಡಿದ್ದ. ನಲವತ್ತಮೂರು ವರ್ಷದಲ್ಲಿ ಅದಕ್ಕೊಂದು ಮಾತು ಅವಳ ಬಾಯಿಂದ ಬಂದಿರಲಿಲ್ಲ.

“ಮೇಸ್ತ್ರೀ, ನಿಮ್ಮಿಂದಾಗಿ ನಾನೂ ಒಂದು ನೆಲೆ ಕಂಡೆ,” ಎಂದಳು. “ಇದನ್ನ ಯಾವತ್ತೋ ಹೇಳ್ಬೇಕಾಗಿತ್ತು.”

“ಇವತ್ತೇನು ನಿನಗೆ ಜ್ವರಾನಾ?” ಎಂದು ಮುದುಕ ಗದರಿದ. ಆದರೆ ಮುಖ ತಿರುಗಿಸಿ ಕೋಸಿನ ಎಲೆಯ ಹುಳು ಹೆಕ್ಕತೊಡಗಿದ, ಹುಳುವೇ ಇಲ್ಲದ ಎಲೆಯಲ್ಲಿ. ಆಮೇಲೆ ಬೆನ್ನು ಹಾಕಿಕೊಂಡೇ ಹೇಳಿದ: “ಕುಚ್ಕಾ ಆಲ್ಟೆನಾದಲ್ಲಿದಾನೆ. ಅಲ್ಲಿ ತಂತಿ ಎಳೆಯೋ ಕಾರ್ಖಾನೆಗೆ ನಾನೇ ಸೇರಿಸಿದ್ದು. ನನ್ನ ಹುಟ್ಟಿದಹಬ್ಬಕ್ಕೆ ವರ್ಷಾ ವರ್ಷಾ ಒಂದು ಬಾಟ್ಲಿ ತರ್ತಾನೆ. ಆಕೆ ಮನೆಗೆ ಒಂದ್ಸಲ ಹೋಗಿ ಬಾರೋ ಅಂದ್ರೆ ಮಾತ್ರ ಎದ್ದು ಹೋಗ್ತಾನೆ.”

ಮರುದಿನ ಸಂಜೆ ರೋಸ್ವಿತಾ ಮೆಕ್‌ಟಿಲ್ಡಳ ಮನೆಗೇ ಹೋಗಿ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ, “ಆಲ್ಟೆನಾಕ್ಕೆ ಬಸ್ಸು ಎಷ್ಟೊತ್ತಿಗಿದೆ?” ಎಂದು ಮಾತ್ರ ಕೇಳಿದಳು.

“ನನ್ನ ಕಾರಿದೆ. ಶನಿವಾರ ಹೋಗೋಣ.”

“ಶನಿವಾರದವರೆಗೆ ನಾನು ಸತ್ತುಗಿತ್ತು ಹೋದ್ರೆ? ನಾಳೆನೇ ಹೋಗೋಣ.”

ಲೆನ್ನೆ ಹೊಳೆಯ ಪಕ್ಕದ ಇಳಿಜಾರಿನ ಬೀದಿಯಲ್ಲಿ ಕುಚ್ಕಾನ ಮನೆ. ಬಾಗಿಲು ತೆರೆದವನು ಎಪ್ಪತ್ತೆರಡು ವರ್ಷದ, ಬೆನ್ನು ಬಾಗಿದ, ಉಣ್ಣೆಯ ಅಂಗಿಯ ಮುದುಕ. ಮೊದಲು ರೋಸ್ವಿತಾಳನ್ನು ನೋಡಿದ, ಆಮೇಲೆ ಅವಳ ಹಿಂದಿದ್ದವಳನ್ನು. ಬಾಗಿಲ ಚೌಕಟ್ಟು ಹಿಡಿದ ಎಡಗೈಯ ಮೂರು ಬೆರಳುಗಳು ಬಿಳಚಿದವು.

“ಫ್ರಾವ್ ರ‍್ಯೂಶಾಫ್,” ಎಂದ. ಮೊದಲ ಗಂಡನ ಆ ಹೆಸರಿನಿಂದ ಅವಳನ್ನು ಯಾರೂ ಕರೆದು ನಲವತ್ತು ವರ್ಷ ದಾಟಿತ್ತು.

“ಒಳಗೆ ಕರೀತೀಯೋ, ಇಲ್ಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ತೀಯೋ?” ಎಂದಳು ಮೆಕ್‌ಟಿಲ್ಡ್. ಅಂದು ತನ್ನ ಮನೆಯಲ್ಲಿ ಸೂಪು ಕುಡಿದ ಹುಡುಗನನ್ನು ಬಹುವಚನದಲ್ಲಿ ಕರೆಯಲು ಅವಳಿಗೆ ಮನಸ್ಸು ಬಂದಂತಿರಲಿಲ್ಲ.

ಅಡುಗೆಮನೆಯ ಮೇಜಿನ ಸುತ್ತ ಕೂತರು. ಕುಚ್ಕಾ ಕಾಫಿಗೆ ನೀರಿಟ್ಟ, ಬಟ್ಟಲು ತೆಗೆದ, ಮತ್ತೆ ಒಳಗಿಟ್ಟ, ಮತ್ತೆ ತೆಗೆದ. ಕೊನೆಗೆ ಅವನೇ ಶುರುಮಾಡಿದ.

“ನೀವು ಒಂದಲ್ಲ ಒಂದಿನ ಬರ್ತೀರಿ, ಮುಖಕ್ಕೆ ಉಗೀತೀರಿ ಅಂತ ಗೊತ್ತಿತ್ತು. ಉಗೀರಿ. ಅವನು ಕೊಟ್ಟಿದ್ದನ್ನ ನಾನು ತಿಂದುಬಿಟ್ಟೆ. ಎರಡು ವಾರ ತಡ್ಕೊಂಡೆ, ಆಮೇಲೆ ಆಗ್ಲಿಲ್ಲ.”

“ಹೇಗೆ ತಿಂದೆ, ಅದನ್ನ ಹೇಳು. ಅದಕ್ಕೇ ಬಂದಿದ್ದು.”

“ಇಟ್ಟಿಗೆ ಗೂಡಿಂದ ನಮ್ಮನ್ನ ವಾಪಸ್ ಕರ್ಕೊಂಡು ಹೋಗ್ತಿದ್ರು. ನಾನು ಹಿಂದೆ ಬಿದ್ದಿದ್ದೆ. ದಾರೀಲಿ ಒಬ್ಬ ಹೆಂಗಸು, ಸೌದೆ ಹೇರಿದ ಕೈಗಾಡಿ ಎಳ್ಕೊಂಡು ಬರ್ತಿದ್ಲು. ಅವಳ ಚೀಲದಲ್ಲಿ ರೊಟ್ಟಿ ಕಾಣ್ತು. ರಿಬ್ಬನ್ನು ಕೋಟಿನ ಒಳಗೆ ಹೊಲ್ಕೊಂಡಿದ್ದೆ, ಅದನ್ನ ಕೊಡೋಕೆ ಕೈ ಬರ್ಲಿಲ್ಲ. ಬಿಲ್ಲೆ ಶೂ ಒಳಗಿತ್ತು. ತೆಗೆದು ಅವಳ ಮುಂದೆ ಹಿಡಿದೆ. ಅವಳು ತಗೊಂಡು ತಿರುಗಿಸಿ ನೋಡಿದ್ಲು. ನಮ್ಮ ಅಕ್ಷರ ಅವಳಿಗೆ ಬರ್ತಿರ್ಲಿಲ್ಲ. ಆದ್ರೆ ಅಂಕೆ ಎಲ್ಲರಿಗೂ ಒಂದೇ ಅಲ್ವಾ? ನಲವತ್ತೊಂದು, ನಲವತ್ತೆರಡು. ಅವಳ ಮುಖ ಕಲ್ಲಾಯ್ತು. ಆ ಚಳಿಗಾಲದಲ್ಲಿ ಅವಳ ಮನೇಲಿ ಯಾರು ಹೋಗಿದ್ರೋ, ಯಾರ ಮನೆ ಸುಟ್ಟಿತ್ತೋ, ನಮ್ಮೋರೇ ಸುಟ್ಟಿದ್ದು. ತೋಳಿನ ಶಕ್ತಿಯೆಲ್ಲ ಹಾಕಿ ಅದನ್ನ ಹಿಮದೊಳಕ್ಕೆ ಎಸೆದ್ಲು. ನನ್ನ ಕಥೆ ಮುಗೀತು ಅಂದ್ಕೊಂಡೆ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ರೋಸ್ವಿತಾ ಸದ್ದಾಗದಂತೆ ಎದ್ದು ಉರಿ ತಗ್ಗಿಸಿದಳು.

“ಆಮೇಲೆ?”

“ಆಮೇಲೆ ಚೀಲದಿಂದ ರೊಟ್ಟಿ ತೆಗೆದ್ಲು. ಮೊಣಕಾಲಿಗೆ ಒತ್ತಿ ಎರಡು ಮಾಡಿ, ಒಂದು ನನ್ನ ಕೈಯಲ್ಲಿಟ್ಲು. ಒಂದು ಮಾತಿಲ್ಲ. ಕೈಗಾಡಿ ಎಳ್ಕೊಂಡು ಹೋದ್ಲು.” ಕುಚ್ಕಾ ತನ್ನ ಅಂಗೈ ನೋಡಿಕೊಂಡ. “ಆ ವಾರ ನಮ್ಮ ಗುಡಿಸಲಲ್ಲಿ ಒಂಬತ್ತು ಜನ ಸತ್ರು. ನಾನು ಸಾಯ್ಲಿಲ್ಲ.”

ಮೆಕ್‌ಟಿಲ್ಡ್ ಅವನ ಕಡೆಗೆ ಬಾಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ಧ್ವನಿ ಅಲುಗಲಿಲ್ಲ.

“ಎಸೆಯೋ ಜಾಗಕ್ಕೇ ಎಸೆದಿದಾಳೆ,” ಎಂದಳು. “ಆ ಹೆಂಗಸಿನ ಹೆಸರು ಗೊತ್ತಿದ್ದಿದ್ರೆ ದಿನಾ ಅವಳ ಹೆಸರಲ್ಲಿ ಪ್ರಾರ್ಥನೆ ಮಾಡ್ತಿದ್ದೆ. ಹೆಸರಿಲ್ಲದೆಯೂ ಮಾಡ್ಬಹುದು, ದೇವರಿಗೆ ಗೊತ್ತಿರುತ್ತೆ. ಕೇಳು ಲೊರೆನ್ಸ್. ಆ ಬಿಲ್ಲೆ ಎಂಗೆಲ್ಬರ್ಟ್‌ಗೆ ಒಂದಿನವೂ ಬೇಕಾಗಿರ್ಲಿಲ್ಲ. ರಜಕ್ಕೆ ಬಂದಾಗ ‘ಕಾಲ್ಬೆರಳು ಹೆಪ್ಪುಗಟ್ಟಿದ್ದಕ್ಕೆ ಇನಾಮು’ ಅಂತ ನಗ್ತಿದ್ದ. ಅದರಿಂದ ಒಂದು ಜೀವ ಉಳೀತು ಅಂದ್ರೆ ಅದಕ್ಕೆ ಇದಕ್ಕಿಂತ ಒಳ್ಳೇ ಗತಿ ಇರ್ಲಿಲ್ಲ. ನೀನು ಉಳ್ಕೊಂಡೆ, ಅದಕ್ಕೇ ನನ್ನ ಬಾಗಿಲಿಗೆ ಬಂದೆ. ನೀನು ಬಂದೆ, ಅದಕ್ಕೇ ನಾನು ಕಿಟಕೀಲಿ ಕೂತು ಕಾಯೋದು ಬಿಟ್ಟು ಎದ್ದೆ. ಗಿಸ್ಬರ್ಟ್ ಸಿಕ್ಕಿದ, ನನ್ನ ಎರಡು ಮಕ್ಕಳು ಹುಟ್ಟಿದ್ರು. ನಲವತ್ತಾರು ವರ್ಷ ನೀನು ನನಗೆ ಹೆದರಿಕೊಂಡು ಕೂತಿದ್ದೀಯಲ್ಲೋ ಪೆದ್ದಾ, ಧನ್ಯವಾದ ಹೇಳೋಕೆ ನಿನ್ನನ್ನ ಎಲ್ಲಿ ಅಂತ ಹುಡುಕ್ಲಿ ನಾನು?”

ಕುಚ್ಕಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗುತ್ತಿದ್ದವು. ಮೆಕ್‌ಟಿಲ್ಡ್ ಎದ್ದು ಹೋಗಿ ಅವನ ತಲೆಯನ್ನು ತನ್ನ ಕೋಟಿನ ಎದೆಗೆ ಒತ್ತಿಕೊಂಡು ನಿಂತಳು. ರೋಸ್ವಿತಾ ಕಾಫಿ ಸೋಸುವ ನೆಪದಲ್ಲಿ ಒಲೆಯ ಕಡೆಗೇ ತಿರುಗಿಕೊಂಡಿದ್ದಳು. ಇಷ್ಟು ವರ್ಷ ಸಾವಿರಾರು ಪದಕಗಳ ಲೋಹ, ವರ್ಷ, ಮಾಡಿದವರ ಹೆಸರು ಬರೆದುಕೊಟ್ಟಿದ್ದಳು. ಅವುಗಳನ್ನು ಹೊತ್ತು ತಂದವರ ಜೊತೆ ಒಂದು ಅಡುಗೆಮನೆಯಲ್ಲಿ ಹೀಗೆ ನಿಲ್ಲುವ ಭಾಗ್ಯ ಬಂದದ್ದು ಇದೇ ಮೊದಲು. ಸಂತೆಯ ಆ ಅರೆಬೆಂದ ಪಂಡಿತನಿಗೂ ಮನಸ್ಸಿನಲ್ಲೇ ಒಂದು ಧನ್ಯವಾದ ಹೇಳಿಕೊಂಡಳು. ಅವನು ನಗದೇ ಹೋಗಿದ್ದರೆ ಇವರಿಬ್ಬರೂ ಒಬ್ಬರ ಮುಖ ಒಬ್ಬರು ಮತ್ತೆ ನೋಡದೆ ಹೋಗುತ್ತಿದ್ದರು.

ಕಾಫಿಯಾಯಿತು. ಕುಚ್ಕಾ ಹಿಂದಿನ ದಿನದ ಪ್ಲಮ್ ಹಣ್ಣಿನ ಕೇಕು ತಂದಿಟ್ಟ. ಈಗ ಅವನ ಬಾಯಿ ಬಿಚ್ಚಿಕೊಂಡಿತ್ತು. ಐವತ್ತರಲ್ಲಿ ಅವಸರದಲ್ಲಿ, ಭಯದಲ್ಲಿ ನುಂಗಿಕೊಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದ. ಎಂಗೆಲ್ಬರ್ಟನನ್ನು ಹೂಳಿದ್ದು ಬರ್ಚ್ ಮರಗಳ ಪಕ್ಕ, ತಾನೂ ಇನ್ನಿಬ್ಬರೂ ನೆಲ ಅಗೆದದ್ದು, ನೆಲ ಕಬ್ಬಿಣದಂತೆ ಗಟ್ಟಿಯಿದ್ದದ್ದು. ಊರಿನ ಹೆಸರು ಹೇಳಿದ. ರೋಸ್ವಿತಾ ಚೀಟಿಯಲ್ಲಿ ಬರೆದುಕೊಂಡಳು.

“ಇನ್ನೂ ಹೇಳು,” ಎಂದಳು ಮೆಕ್‌ಟಿಲ್ಡ್. “ಸಾವಿನದು ಸಾಕು. ಅವನು ಅಲ್ಲಿ ಏನ್ಮಾಡ್ತಿದ್ದ?”

“ಚಪ್ಪಲಿ ಹೊಲೀತಿದ್ದ,” ಎಂದ ಕುಚ್ಕಾ. “ಬರ್ಚ್ ತೊಗಟೆ, ಹಳೇ ಟೈರು, ತಂತಿ, ಏನು ಸಿಕ್ಕಿದ್ರೂ ಸರಿ. ಇಡೀ ಗುಡಿಸಲು ಅವನು ಹಾಕಿದ ಅಟ್ಟೆ ಮೇಲೇ ನಡೀತಿತ್ತು. ಎಂಥಾ ಕೈ ಅಂತೀರಿ! ಕಾವಲಿನವನೂ ಬಂದು ಬೂಟು ಕೊಟ್ಟು ಹೋಗ್ತಿದ್ದ.”

ಮೆಕ್‌ಟಿಲ್ಡ್ ಅವನನ್ನೇ ದಿಟ್ಟಿಸಿದಳು. “ಎಂಗೆಲ್ಬರ್ಟಾ? ಚಪ್ಪಲೀನಾ? ಮನೇಲಿ ಗೋಡೆಗೆ ಒಂದು ಮೊಳೆ ಹೊಡೆಯೋ ಅಂದ್ರೆ ಬೆರಳಿಗೆ ಹೊಡ್ಕೊಂಡು ಮೂರು ದಿನ ಬಟ್ಟೆ ಸುತ್ಕೊಂಡು ಓಡಾಡ್ತಿದ್ದ!”

“ದೇವರಾಣೆಗೂ ಅವನೇ. ನನ್ನ ಕಾಲಿಗೂ ಹೊಲಿದುಕೊಟ್ಟಿದ್ದ.”

ಮುದುಕಿ ನಗತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಮೇಜು ಹಿಡಿದುಕೊಂಡು, ಕೆನ್ನೆಯ ಮೇಲೆ ನೀರಿಳಿಯುವ ಹಾಗೆ. ಕುಚ್ಕಾನೂ ನಕ್ಕ. ತನ್ನ ಗಂಡನ ಬಗ್ಗೆ ತನಗೆ ಗೊತ್ತಿಲ್ಲದ ಹೊಸ ಸಂಗತಿಯೊಂದನ್ನು ಅವಳು ಕೇಳಿ ಐವತ್ತಮೂರು ವರ್ಷವಾಗಿತ್ತು. ಇನ್ನೊಂದು ತುಂಡು ಕೇಕು ತಟ್ಟೆಗೆ ಹಾಕಿಕೊಂಡು ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

“ಮೊದಲಿಂದ ಹೇಳು,” ಎಂದಳು. “ಅದನ್ನ ಅವನಿಗೆ ಕಲಿಸಿದ್ದು ಯಾರು?”